ಎತ್ತಿಕೊಂಡ ಹೊತ್ತು

ಬೆಳಗಿನ ಐದೂಕಾಲು. ಟೊಲೀಡೊದಲ್ಲಿ ಇನ್ನೂ ಕತ್ತಲೆ.
ಮಾರಿಸೋಲ್ ಕಾರು ಆರಿಸುವುದಿಲ್ಲ.
ಅವಳು ಕೂಸನ್ನು ದಾಟಿಸಿ ಹೋಗುವ ತನಕ
ನನ್ನ ಅಡುಗೆಮನೆ ಗೋಡೆಯ ಮೇಲೆ ಹೆಡ್‌ಲೈಟು.
ಏಳು ವಾರದ ಇನೇಸ್.
ಅವಳ ತೋಳಿಗೂ ನನ್ನ ತೋಳಿಗೂ ನಡುವೆ
ಒಂದು ಗೇಣು ಗಾಳಿ ಇದೆ.
ಅಳು ಶುರುವಾಗುವುದು ಅಲ್ಲಿ.

ನಮ್ಮ ಕಡೆಯಾದರೆ ಇವಳಿನ್ನೂ ಹಸಿ ಬಾಣಂತಿ,
ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ.
ಇವಳಿಗೂ ಉಂಟು ಎಲ್ಲ:
ಕಿವಿಗೆ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ,
ತಲೆಗೆ ಹೆಲ್ಮೆಟ್ಟು,
ಎದುರಿಗೆ ಗಾಜು ಕರಗಿಸುವ ಕುಲುಮೆ.

ಕೆಳಗೆ ಮಲಗಿಸುವಂತಿಲ್ಲ.
ಬೆನ್ನು ಹಾಸಿಗೆಗೆ ತಾಗುವ ಮೊದಲೇ
ಹತ್ತೂ ಬೆರಳು ಬಿರಿದು ಗಾಳಿ ಹಿಡಿಯುತ್ತದೆ,
ಯಾರೋ ಅಟ್ಟದಿಂದ ಬಿಟ್ಟ ಹಾಗೆ.
ಜೋಲಿ ಕಟ್ಟೋಣವೆಂದರೆ ಲೈಸೆನ್ಸಿನವರು ಬಿಡರು.
ಹೊದಿಕೆ ಕೂಡದು, ದಿಂಬು ಕೂಡದು,
ಅಂಗಾತ ಮಲಗಬೇಕು, ಬರಿಯ ಹಾಸಿನ ಮೇಲೆ.
ಅವರು ಹೇಳುವುದು ಸರಿಯೇ, ಒಪ್ಪುತ್ತೇನೆ.
ಒಪ್ಪದೆ ಇರುವುದು ಇದೊಂದು, ಐದು ಕಿಲೋ ಇಲ್ಲ,
ಮೂಗೆಲ್ಲ ಕೆಂಪು ಮಾಡಿಕೊಂಡು.

ಸರಿ, ಎಡಗೈ ಕೂಸಿಗೆ. ಉಳಿದ ಸಂಸಾರ ಬಲಗೈಗೆ.
ಬಾಳೆಹಣ್ಣಿನ ತೊಟ್ಟು ಹಲ್ಲಿನಿಂದ ಮುರಿಯುತ್ತೇನೆ,
ನಜ್ವಾಳ ಬೂಟಿನ ಲಾಡಿ ಕಾಲುಬೆರಳಿಂದ ಒತ್ತಿ ಹಿಡಿಯುತ್ತೇನೆ.
ಮೂರೂವರೆ ವರ್ಷದ ವೆಸ್ಲಿ ಬಂದು ನೋಡಿ ಹೇಳಿದ:
‘ಇದು ಕೆಟ್ಟಿದೆ. ಅಂಗಡಿಗೆ ವಾಪಸ್ ಕೊಡು.’
ಬಿಲ್ ಕಳೆದುಹೋಗಿದೆ ಮಾರಾಯ, ಅಂದೆ.

ಬಾಟಲಿ ಆಯಿತು. ಬಟ್ಟೆ ಬದಲಾಯಿತು. ತೇಗೂ ಬಂತು.
ಒಲೆಯ ಮೇಲಿನ ಫ್ಯಾನಿನ ಗುಂಯ್ ಸದ್ದಿಗೆ
ಎರಡು ನಿಮಿಷ ಸುಮ್ಮನಾಯಿತು, ಮತ್ತೆ ರಚ್ಚೆ.
ಲಾಲಿ ನನಗೆ ಬಾರದು, ಗಂಟಲೂ ಚೆನ್ನಾಗಿಲ್ಲ.
ಬಾಯಿಪಾಠ ಇರುವುದು ಮಗ್ಗಿ.
ಹದಿಮೂರೊಂದ್ಲೆ ಹದಿಮೂರು,
ಹದಿಮೂರೆರಡ್ಲೆ ಇಪ್ಪತ್ತಾರು,
ಹೆಜ್ಜೆಗೊಂದು ಸಾಲು, ಸಿಂಕಿನಿಂದ ಬಾಗಿಲಿಗೆ,
ಹದಿಮೂರಾರ್ಲೆ ಎಪ್ಪತ್ತೆಂಟು,
ಹದಿಮೂರೇಳ್ಲೆ...
ತಡವರಿಸಿದೆನೋ, ತಕ್ಷಣ ಕಣ್ಣು ಬಿಡುತ್ತದೆ,
ನಮ್ಮ ಸರಸಕ್ಕ ಟೀಚರ ಹಾಗೆ.

ಹನ್ನೊಂದಕ್ಕೆ ನೆನಪಾಯಿತು, ಬ್ಯಾಗಿನಲ್ಲಿ
ಜಿಪ್ಪಿನ ಚೀಲ, ಅದರೊಳಗೆ ಅವಳ ನಿನ್ನೆಯ ಶರ್ಟು.
ವಾಸನೆಗೆ ಕೂಸಿನ ಹತ್ತಿರ ಇಡಿ ಅಂದಿದ್ದಳು.
ತೊಟ್ಟಿಲಲ್ಲಿ ಇಡುವಂತಿಲ್ಲವಲ್ಲ.
ನಾನೇ ಹಾಕಿಕೊಂಡೆ, ಚೂಡಿದಾರದ ಮೇಲೆ.
ಭುಜಕ್ಕೆ ಬಿಗಿ. ಬೆವರು, ಒಣಗಿದ ಹಾಲು,
ಸುಟ್ಟ ಮರಳಿನಂಥ ಏನೋ.
ಕೂಸು ಮೂಗು ಉಜ್ಜಿತು. ಎಡಕ್ಕೆ ಉಜ್ಜಿತು, ಬಲಕ್ಕೆ ಉಜ್ಜಿತು.
ಒಂದು ಸುದೀರ್ಘ ಉಸಿರು, ಮುದುಕರು ಜಗಲಿಯಲ್ಲಿ ಬಿಡುವಂಥದ್ದು,
ಆಮೇಲೆ ಭಾರವಾಯಿತು.

ಆಗಲೇ ಬಾಗಿಲು ತಟ್ಟಿದ್ದು, ಪಾರ್ಸೆಲಿನ ಹುಡುಗ.
ನನ್ನ ಎದೆಯ ಮೇಲೆ ಹೊಲಿದ ಹೆಸರು ಓದಿ
‘ಇಲ್ಲೊಂದು ಸಹಿ, ಮಾರಿಸೋಲ್’ ಅಂದ.
ಅಲ್ಲವೆಂದು ಹೇಳಲು ಬಾಯಿ ತೆರೆದೆ.
ಮಾತಾಡಿದರೆ ಎದ್ದೀತು.
ತಲೆಯಾಡಿಸಿದೆ, ಗೀಚಿದೆ.
ಬಾಗಿಲು ಹಾಕಿದ ಮೇಲೂ ಆ ಹೆಸರು
ಮೈಮೇಲೆ ಬೆಚ್ಚಗಿತ್ತು ಸ್ವಲ್ಪ ಹೊತ್ತು.

ನಲವತ್ತು ನಿಮಿಷ. ಅಷ್ಟೇ. ಮತ್ತೆ ಹದಿಮೂರೊಂದ್ಲೆ.

ದಿನದ ಹಾಳೆಯಲ್ಲಿ ಮೂರೇ ಕಾಲಮ್ಮು:
ಹಾಲೆಷ್ಟು, ಬಟ್ಟೆ ಎಷ್ಟು, ನಿದ್ದೆ ಎಷ್ಟು.
ಎತ್ತಿಕೊಂಡ ಹೊತ್ತಿಗೆ ಜಾಗವಿಲ್ಲ.
ಮೂರು ಗಂಟೆಗೆ ಮಾರಿಸೋಲ್ ಬಂದಳು, ಓಡಿಯೇ.
ಅಂಗಿ ಎರಡು ಕಡೆ ಒದ್ದೆ. ಹಾಳೆ ನೋಡಲಿಲ್ಲ.
‘ಅತ್ತಳಾ?’
‘ಸ್ವಲ್ಪ’ ಅಂದೆ, ದಿನವೂ ಹೇಳುವ ಹಾಗೆ.
ನನ್ನ ಶರ್ಟಿನ ಮೇಲೆ ತನ್ನ ಹೆಸರು ಕಂಡು
ಅವಳು ಏನೂ ಅನ್ನಲಿಲ್ಲ.
ಗುಂಡಿಯೊಂದು ಬಿಚ್ಚಿತ್ತು, ಹಾಕಿ ಕೊಟ್ಟಳು.

ಕಾರು ಹೋಯಿತು. ಎಡಗೈ ಇನ್ನೂ ಮಡಚಿಕೊಂಡೇ ಇದೆ.
ರಾತ್ರಿಯ ಸಾರಿಗೆ ಎಣ್ಣೆ ಇಟ್ಟೆ, ಸಾಸಿವೆ ಕೈಯಲ್ಲಿ,
ಥಟ್ಟನೆ ಒಲೆ ಆರಿಸಿದೆ.
ಮೊದಲು ಶರ್ಟು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿ
ಜಿಪ್ಪೆಳೆಯಬೇಕು.
ಒಗ್ಗರಣೆ ಆಮೇಲೆ.